ಓವನ್‌ನ ಮೊದಲ ಸರದಿ ನಿಮ್ಮದು

ಈ ರಜೆಗೆ ಮನೆಗೆ ಹೋಗಲೋ ಬೇಡವೋ ಎಂದು ಒಬ್ಬ ಓದುಗರು ಕೇಳಿದ್ದಾರೆ. ಅವರು ವೀಗನ್ ಆಗಿ ಎರಡು ವರ್ಷವಾಯಿತು. ಹಾಲು, ಬೆಣ್ಣೆ, ಮೊಟ್ಟೆ, ಜೇನು ಯಾವುದನ್ನೂ ಮುಟ್ಟುವುದಿಲ್ಲ. ಹೋದ ಸಲ ಹಬ್ಬದ ರಜೆಯಲ್ಲಿ ಮನೆಮಂದಿಗೆಲ್ಲ ಚಾಕೊಲೇಟ್ ಕೇಕ್ ಮಾಡಿದರು. ನಡುಮಧ್ಯ ಕುಸಿಯಿತು, ತಳ ಅಂಟಂಟಾಯಿತು. ಅಣ್ಣ ಎಲ್ಲರೆದುರು ನಕ್ಕು, "ಮೊಟ್ಟೆ ಇಲ್ಲದೆ ಕೇಕ್ ಮಾಡೋಕೆ ಹೋದ್ರೆ ಇನ್ನೇನಾಗುತ್ತೆ? ಎಲ್ಲಾ ಹೊಸ ಶೋಕಿ" ಎಂದ. ಈ ಸಲ ಅಮ್ಮ ಫೋನಿನಲ್ಲಿ, "ನಾಲ್ಕು ದಿನ ಅದನ್ನೆಲ್ಲ ಬಿಟ್ಟಿರು, ಆಮೇಲೆ ನಿನ್ನಿಷ್ಟ" ಎಂದಿದ್ದಾರೆ. ಹೋಗಿ ಜಗಳವಾಡುವುದೋ, ನಾಲ್ಕು ದಿನದ ಮಟ್ಟಿಗೆ ತಲೆಬಾಗುವುದೋ, ಹೋಗದೇ ಇರುವುದೋ ಎಂಬುದು ಅವರ ಪ್ರಶ್ನೆ.

ನಿಮ್ಮ ಪತ್ರವನ್ನು ನಾನು ಎರಡನೇ ಸಲ ಓದಿದ್ದು ನೀವು ಹಗುರವಾಗಿ ದಾಟಿಹೋದ ಒಂದು ಸಾಲಿಗಾಗಿ. "ಹಿಟ್ಟು ಕಲಸಿಟ್ಟಿದ್ದೆ, ಅತ್ತಿಗೆಯ ಟ್ರೇ ಎರಡು ಸಲ ಓವನ್‌ಗೆ ಹೋಗಿ ಬರುವ ತನಕ ಮುಕ್ಕಾಲು ಗಂಟೆ ಕಾದೆ, ಅದಿರಲಿ" ಎಂದು ಬರೆದಿದ್ದೀರಿ. ಅದಿರಲಿ ಎಂದರೆ ಹೇಗೆ? ನಿಮ್ಮ ಕೇಕ್ ಕೆಟ್ಟಿದ್ದೇ ಆ ಮುಕ್ಕಾಲು ಗಂಟೆಯಲ್ಲಿ. ಮೊಟ್ಟೆಯ ಕೊರತೆ ಅಲ್ಲ ಅದು, ಸರದಿಯ ಕೊರತೆ.

ನಿಮ್ಮದು ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿದ ಕೇಕ್. ಇವೆರಡೂ ನೀರಿನಲ್ಲಿ ಸೇರಿದ ಕ್ಷಣದಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡಲು ಶುರು. ತೆಳ್ಳಗಿನ ಹಿಟ್ಟಿನಲ್ಲಿ ಆ ಗುಳ್ಳೆಗಳು ನಿಲ್ಲುವುದಿಲ್ಲ, ಮೇಲೇರಿ ಒಡೆದುಹೋಗುತ್ತವೆ. ಮೊಟ್ಟೆ ಹಾಕಿದ ಕೇಕ್‌ಗಾದರೆ ಇನ್ನೊಂದು ಆಸರೆ ಇರುತ್ತದೆ. ಮೊಟ್ಟೆಯ ಬಿಳಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಗಟ್ಟಿಯಾಗತೊಡಗಿ ಗುಳ್ಳೆಗಳನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಕೇಕ್ ನಿಲ್ಲಬೇಕಾದದ್ದು ಮೈದಾದ ಪಿಷ್ಟದ ಬಲದಿಂದ. ಸಕ್ಕರೆ ಜಾಸ್ತಿ ಇರುವ ಹಿಟ್ಟಿನಲ್ಲಿ ಪಿಷ್ಟ ಬೆಂದು ಬಿಗಿಯಾಗಲು 80 ಡಿಗ್ರಿಗೂ ಹೆಚ್ಚು ಶಾಖ ಬೇಕು. ಅಲ್ಲಿಯವರೆಗೆ ಕೇಕನ್ನು ಎತ್ತಿ ಹಿಡಿಯುವುದು ಗಾಳಿಯೊಂದೇ. ಆ ಗಾಳಿಯನ್ನು ನೀವು ಅಡುಗೆಕಟ್ಟೆಯ ಮೇಲೆ ಕಳೆದುಕೊಂಡಿರಿ. ಸಾಲದ್ದಕ್ಕೆ, "ನೀರು ಬಿಟ್ಟ ಹಾಗಿತ್ತು, ಇನ್ನೊಮ್ಮೆ ಚೆನ್ನಾಗಿ ತಿರುಗಿಸಿದೆ" ಎಂದೂ ಬರೆದಿದ್ದೀರಿ. ಉಳಿದಿದ್ದ ಗುಳ್ಳೆಗಳೂ ಅಲ್ಲಿಗೆ ಹೋದವು, ಮೈದಾದ ಅಂಟು ಬಲಿತು ತಳ ರಬ್ಬರಿನಂತಾಯಿತು.

ಇನ್ನು ನಿಮ್ಮ ಅಣ್ಣ. ಹದಿನೈದು ನಿಮಿಷಕ್ಕೇ ಓವನ್ ಬಾಗಿಲು ತೆರೆದು "ಉಬ್ಬಿದೆಯಾ?" ಎಂದು ಇಣುಕಿದ್ದು ಅವನೇ ತಾನೆ? ಅರ್ಧ ಬೆಂದ ಕೇಕ್‌ಗೆ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಶಾಖ ಹೊರಟುಹೋಗುತ್ತದೆ, ಒಳಗಿನ ಬಿಸಿ ಗಾಳಿ ಕುಗ್ಗುತ್ತದೆ, ಇನ್ನೂ ಬಿಗಿಯಾಗದ ನಡುಭಾಗ ಕೂತುಬಿಡುತ್ತದೆ. ಅಷ್ಟು ಮಾಡಿ, ಕುಸಿದ ಕೇಕ್ ನೋಡಿ ನಕ್ಕವನೂ ಅವನೇ. ಅವನ ಮೇಲೆ ನನಗೆ ಯಾವ ಕನಿಕರವೂ ಇಲ್ಲ. ಹೊಸ ಶೋಕಿ ಎನ್ನುವುದಕ್ಕೂ ಉತ್ತರವಿದೆ: ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 'ವೀಗನ್' ಎಂಬ ಹೆಸರಿನಲ್ಲಿ ಸಂಘ ಕಟ್ಟಿದ್ದು 1944ರಲ್ಲಿ. ಅವನು ಹುಟ್ಟುವುದಕ್ಕಿಂತ ಮುಂಚೆ. ಅತ್ತಿಗೆಯನ್ನು ಬಿಟ್ಟುಬಿಡಿ. ಅವರ ಟ್ರೇ ಮೊದಲು ಬಂತು, ಮೊದಲು ಹೋಯಿತು, ಅಷ್ಟೆ.

ಅಮ್ಮನ ವಿಷಯ ಬೇರೆ. ಅವರ ಮಾತಿನಲ್ಲಿ ನಿಮಗೆ ಕೇಳಿದ್ದು ಹಟ, ನನಗೆ ಕೇಳಿದ್ದು ಗಾಬರಿ. ಹಬ್ಬದ ದಿನ ಹತ್ತು ಜನಕ್ಕೆ ಬಡಿಸಬೇಕಾದವರಿಗೆ ಮಗಳ ತಟ್ಟೆ ಖಾಲಿ ಉಳಿದೀತೆಂಬ ಭಯ. "ನಾನು ಏನು ತಿನ್ನುವುದಿಲ್ಲ" ಎಂಬ ಪಟ್ಟಿಯನ್ನು ಎರಡು ವರ್ಷದಿಂದ ಕೊಡುತ್ತಲೇ ಇದ್ದೀರಿ. ಏನು ಮಾಡುತ್ತೀರಿ, ಎಷ್ಟು ಹೊತ್ತಿಗೆ ಮಾಡುತ್ತೀರಿ ಎಂದು ಒಮ್ಮೆಯೂ ಹೇಳಿದಂತಿಲ್ಲ. ಹಾಗೆಂದು ನಾಲ್ಕು ದಿನ ಬಿಟ್ಟಿರುವುದೂ ಬೇಡ. ಒಮ್ಮೆ ಬಿಟ್ಟರೆ ಮುಂದಿನ ಪ್ರತಿ ಹಬ್ಬಕ್ಕೂ ಅದೇ ಮಾತು ಬರುತ್ತದೆ.

ಈಗ ಕೇಕ್. ತಕ್ಕಡಿ ಬಳಸಿ, ಕಪ್ಪನ್ನು ನಂಬಬೇಡಿ. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ: ಮೈದಾವನ್ನು ಅದುಮಿ ತುಂಬಿದ ಕಪ್‌ಗೂ ಉದುರಿಸಿ ತುಂಬಿದ ಕಪ್‌ಗೂ 30 ಗ್ರಾಂ ವ್ಯತ್ಯಾಸ ಬಂದೀತು, ಕೇಕ್ ಒಣಗಲು ಅಷ್ಟೇ ಸಾಕು. ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಕೋಕೋ ಪುಡಿ 20 ಗ್ರಾಂ, ಅಡುಗೆ ಸೋಡಾ ಒಂದು ಸಮ ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಇವನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಸೋಡಾ ಗಂಟು ಉಳಿದರೆ ಅಲ್ಲಲ್ಲಿ ಸಾಬೂನಿನ ರುಚಿ ಬರುತ್ತದೆ. ಇನ್ನೊಂದು ಪಾತ್ರೆಯಲ್ಲಿ ನೀರು 240 ಮಿಲಿ, ವಾಸನೆಯಿಲ್ಲದ ಎಣ್ಣೆ 80 ಮಿಲಿ, ವಿನೆಗರ್ 15 ಮಿಲಿ, ವೆನಿಲಾ ಒಂದು ಟೀ ಚಮಚ. ಕೋಕೋ ಮಾಮೂಲಿಯದೇ ಇರಲಿ. ಕ್ಷಾರ ಬೆರೆಸಿ ಕಪ್ಪಾಗಿಸಿದ ಡಚ್ ಕೋಕೋದಲ್ಲಿ ಹುಳಿ ಇರುವುದಿಲ್ಲ, ಸೋಡಾಗೆ ಜೊತೆ ಸಾಲದು.

ಈ ಎರಡು ಪಾತ್ರೆಗಳನ್ನು ಎಷ್ಟು ಹೊತ್ತು ಬೇಕಾದರೂ ಹಾಗೇ ಬೇರೆ ಬೇರೆ ಇಡಬಹುದು, ಏನೂ ಆಗದು. ಓವನ್ 180 ಡಿಗ್ರಿಗೆ ಪೂರ್ತಿ ಕಾದ ಮೇಲೆಯೇ, 20 ಸೆಂಟಿಮೀಟರ್ ಚೌಕದ ತಟ್ಟೆಗೆ ಎಣ್ಣೆ ಸವರಿ ಕಾಗದ ಹಾಸಿದ ಮೇಲೆಯೇ, ಒಂದಕ್ಕೊಂದು ಸುರಿಯಿರಿ. ಒಣ ಹಿಟ್ಟು ಕಾಣದಷ್ಟು ತಿರುಗಿಸಿದರೆ ಮುಗಿಯಿತು. ಒಂದೆರಡು ಸಣ್ಣ ಗಂಟು ಉಳಿದರೂ ಚಿಂತೆಯಿಲ್ಲ. ತಕ್ಷಣ ಒಳಗೆ. 25 ನಿಮಿಷ ಬಾಗಿಲು ಮುಟ್ಟುವಂತಿಲ್ಲ. 30ರಿಂದ 35 ನಿಮಿಷದೊಳಗೆ ನಡುವೆ ಕಡ್ಡಿ ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟಬಾರದು. ಎಣ್ಣೆಯ ಕೇಕ್ ಆದ್ದರಿಂದ ಮರುದಿನಕ್ಕೂ ಮೆತ್ತಗೇ ಇರುತ್ತದೆ. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ.

ಮೇಲೆ ಚಾಕೊಲೇಟ್ ಸುರಿಯುವುದಾದರೆ ಪೊಟ್ಟಣದ ಹಿಂಬದಿ ಓದಿ. ಡಾರ್ಕ್ ಎಂದು ಬರೆದಿದ್ದರಲ್ಲೂ ಹಾಲಿನ ಪುಡಿ ಇರುವುದುಂಟು. ಮಾರ್ಗರಿನ್‌ನಲ್ಲೂ ಹಾಗೆಯೇ, ವೇ ಅಥವಾ ಕೆಸೀನ್ ಎಂದಿದ್ದರೆ ಅದು ಹಾಲಿನದೇ.

ಬಿಸ್ಕತ್ತಿನ ಬಗ್ಗೆಯೂ ಕೇಳಿದ್ದೀರಿ, ಚುಟುಕಾಗಿ ಹೇಳುತ್ತೇನೆ. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಎಂಬತ್ತರಷ್ಟು, ಉಳಿದದ್ದು ಬಹುಪಾಲು ನೀರು. ಆದ್ದರಿಂದ 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ಕೊಬ್ಬರಿ ಎಣ್ಣೆ, 15 ಮಿಲಿ ಸೋಯಾ ಹಾಲು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುವುದರಿಂದ, ಕತ್ತರಿಸಿದ ಬಿಸ್ಕತ್ತುಗಳನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಬೇಯಿಸಿ, ಇಲ್ಲದಿದ್ದರೆ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ಮೊಟ್ಟೆಯ ಬದಲಿಗೆ ಅಗಸೆ ಬೀಜದ ಪುಡಿ ಒಂದು ಟೇಬಲ್ ಚಮಚ, ನೀರು ಮೂರು ಟೇಬಲ್ ಚಮಚ ಕಲಸಿ ಹತ್ತು ನಿಮಿಷ ಬಿಡಿ. ಅದು ಅಂಟಿಸುತ್ತದೆಯೇ ಹೊರತು ಉಬ್ಬಿಸುವುದಿಲ್ಲ. ಮೂರು ಮೊಟ್ಟೆಯ ಕೇಕ್‌ಗೆ ಮೂರು ಪಾಲು ಅಗಸೆ ಹಾಕಿದರೆ ಲೋಳೆಯಾಗುವುದು ಖಂಡಿತ.

ನೊರೆಯೇ ಬೇಕೆಂದರೆ ಕಾಬೂಲಿ ಕಡಲೆ ಬೇಯಿಸಿದ ನೀರಿದೆ. ಬೇಳೆಕಾಳು ಬೆಂದ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುತ್ತದೆಂದು 2014ರಲ್ಲಿ ತೋರಿಸಿದವರು ಫ್ರಾನ್ಸಿನ ಸಂಗೀತಗಾರ ಜೊಯೆಲ್ ರೊಸೆಲ್. ಮರುವರ್ಷ ಅದಕ್ಕೆ 'ಆಕ್ವಾಫಾಬಾ' ಎಂಬ ಹೆಸರು ಬಿತ್ತು. ಮನೆಯಲ್ಲಿ ಬೇಯಿಸಿದ ನೀರು ತೆಳ್ಳಗಿದ್ದರೆ ಮೊಟ್ಟೆಯ ಬಿಳಿಯಷ್ಟು ಮಂದವಾಗುವ ತನಕ ಕುದಿಸಿ ಇಂಗಿಸಬೇಕು, ತಣ್ಣಗಾದ ಮೇಲೆ ಕಡೆಯಬೇಕು, ಪಾತ್ರೆಯಲ್ಲಿ ಎಣ್ಣೆಯ ಪಸೆಯೂ ಇರಬಾರದು. ಆದರೆ ಇದನ್ನು ಮೊದಲ ಸಲ ಹತ್ತು ಜನರೆದುರು ಮಾಡಬೇಡಿ. ಈ ರಜೆಗೆ ಕೇಕ್ ಒಂದೇ ಸಾಕು.

ಕೇಕ್ ಹಂಚುವಾಗ ವೀಗನ್ ಎಂದು ಮೊದಲೇ ಹೇಳಿ. ತಿಂದಾದ ಮೇಲೆ ಬಯಲು ಮಾಡುವ ಆಟ ಬೇಡ. ನಿಮ್ಮ ತಟ್ಟೆಗೆ ಯಾರೂ ಗುಟ್ಟಾಗಿ ಬೆಣ್ಣೆ ಹಾಕಬಾರದು ಎನ್ನುವವರು ನೀವು, ಬೇರೆಯವರ ತಟ್ಟೆಗೂ ಅದೇ ನಿಯಮ. ಮುಂದೆ ಬಿಸ್ಕತ್ತು ಹಂಚುವಾಗಲೂ ಅಷ್ಟೆ, ಸೋಯಾ ಒಗ್ಗದವರೂ ಮನೆಯಲ್ಲಿ ಇರಬಹುದು.

ಹಾಗಾದರೆ ಮಾಡಬೇಕಾದ್ದೇನು? ಮನೆಗೆ ಹೋಗಿ. ಹೋಗುವ ಮೊದಲು, ಇವತ್ತೇ, ಅಮ್ಮನಿಗೆ ಫೋನ್ ಮಾಡಿ ಒಂದೇ ಒಂದು ಮಾತು ಕೇಳಿ: "ಅಮ್ಮಾ, ಹಬ್ಬದ ದಿನ ಬೆಳಿಗ್ಗೆ ಓವನ್ ಮೊದಲ ಒಂದು ಗಂಟೆ ನನಗೆ ಬೇಕು, ಆಮೇಲೆ ಪೂರ್ತಿ ನಿಮಗೇ." ವೀಗನ್ ಯಾಕೆ, ಹೇಗೆ ಎಂಬ ವಾದವನ್ನು ಆ ಫೋನಿಗೆ ತರಬೇಡಿ. ಓವನ್ ಬಿಸಿಯಾಗಲು ಇಪ್ಪತ್ತು ನಿಮಿಷ, ಕೇಕ್ ಬೇಯಲು ಮೂವತ್ತೈದು. ಗಂಟೆಯೊಳಗೆ ನಿಮ್ಮ ತಟ್ಟೆ ಹೊರಗೆ. ಒಲ್ಲೆ ಎನ್ನಲು ಅಮ್ಮನಿಗೆ ಕಾರಣವೇ ಇರುವುದಿಲ್ಲ. ಆ ಇಪ್ಪತ್ತೈದು ನಿಮಿಷ ಓವನ್ ಪಕ್ಕದಲ್ಲೇ ನಿಂತಿರಿ, ಅಣ್ಣ ಬಾಗಿಲಿಗೆ ಕೈ ಹಾಕಿದರೆ ಗಡಿಯಾರ ತೋರಿಸಿ.