ಹಳೇ ಖರೀದಿ ಪತ್ರದ ಷರತ್ತಿಗೆ ಹೆದರಬೇಕೆ?

ಪ್ರಶ್ನೆ: ವಕೀಲರೇ, ಮಗಳು-ಅಳಿಯ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೇ ಮನೆ ಕೊಂಡಿದ್ದಾರೆ. ಹಿಂದಿನ ಖರೀದಿ ಪತ್ರದಲ್ಲಿ ‘ಬಿಳಿಯರಲ್ಲದವರಿಗೆ ಮಾರಬಾರದು’ ಎಂದಿದೆಯಂತೆ. ಮನೆ ಕೈತಪ್ಪುತ್ತದೆಯೇ?
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ಇಲ್ಲ ಅಕ್ಕಾರ, ನಿಶ್ಚಿಂತೆಯಿಂದಿರಿ. ಆ ಷರತ್ತಿಗೆ ಈಗ ಜೀವವಿಲ್ಲ. ಮಿನಿಯಾಪೊಲಿಸ್‌ನಲ್ಲಿ ಇಂಥದ್ದು 1910ರ ಹೊತ್ತಿಗೆ ಶುರುವಾಯಿತು. ಕಪ್ಪು ಜನ, ಚೀನೀಯರು, ಜಪಾನೀಯರು, ತುರ್ಕರು ಅಂತ ಹೆಸರು ಹಿಡಿದೇ ಬರೆಯುತ್ತಿದ್ದರು. ಧಾರವಾಡ ಕೋರ್ಟಿನಲ್ಲಿ ಮೋಡಿ ಅಕ್ಷರದ ಕಾಗದದಿಂದ ಹಿಡಿದು ಥರಾವರಿ ಪತ್ರ ನೋಡಿದ್ದೇನೆ. ಇಷ್ಟು ನಾಚಿಕೆ ಬಿಟ್ಟ ಷರತ್ತು ಕಂಡಿಲ್ಲ. ನಮ್ಮವರು ಕಾಗದಕ್ಕೆ ಇಳಿಸೋದಿಲ್ಲ, ಬಾಡಿಗೆ ಮನೆ ನೋಡಲು ಹೋದಾಗ ‘ನೀವು ಯಾವ ಮಂದಿ ರೀ?’ ಅಂತ ಬಾಗಿಲಲ್ಲೇ ಕೇಳುತ್ತಾರೆ, ಅಲ್ವಾ?

1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡಕೂಡದು ಎಂದಿತು. 1968ರ ವಸತಿ ಕಾನೂನು ಪೂರ್ತಿ ನಿಷೇಧಿಸಿತು. ಬರೆದ ಸಾಲು ಮಾತ್ರ ದಫ್ತರದಲ್ಲಿ ಹಾಗೇ ಉಳಿಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದವರು ಹಳೇ ಪತ್ರ ಜಾಲಾಡಿ, ಯಾವ ಮನೆಗೆ ಷರತ್ತಿತ್ತು ಎಂಬ ನಕ್ಷೆಯನ್ನೇ ಮಾಡಿದ್ದಾರೆ. 2019ರ ರಾಜ್ಯ ಕಾನೂನಿನ ಪ್ರಕಾರ ಮಾಲೀಕರೇ ಅದನ್ನು ತಳ್ಳಿಹಾಕುವ ಪತ್ರ ನೋಂದಾಯಿಸಬಹುದು. ನಗರಾಡಳಿತವೂ ‘ಜಸ್ಟ್ ಡೀಡ್ಸ್’ ಯೋಜನೆ ಸೇರಿದೆ. ಅರ್ಜಿ ಹಾಕಿದರೆ ವಕೀಲರ ನೆರವು ಪುಕ್ಕಟೆ.

ಹಳೇ ಸಾಲು ಅಳಿಸುವುದಿಲ್ಲ, ಪಕ್ಕಕ್ಕೆ ಹೊಸ ಪತ್ರ ಸೇರುತ್ತದೆ. ನನಗೆ ಅದೇ ಸರಿ ಅನಿಸುತ್ತದೆ. ಅಳಿಸಿದರೆ ಬರೆದವರಿಗೇ ಅನುಕೂಲ! ಖರೀದಿ ಪತ್ರದ ನಕಲು ತೆಗೆದಿಟ್ಟುಕೊಂಡು ಅರ್ಜಿ ಹಾಕಲು ಮಗಳಿಗೆ ಹೇಳಿ.