ಒಂದು ಇಂಟರಪ್ಟ್‌ಗೆ ನಾಲ್ಕು ಸಂಖ್ಯೆಗಳೇಕೆ?

ಪ್ರಶ್ನೆ: ರಾಸ್ಪ್‌ಬೆರಿ ಪೈ 4 ಬೋರ್ಡನ್ನು ಇಟ್ಟುಕೊಂಡು ಲಿನಕ್ಸ್ ಕರ್ನಲ್ ಕಲಿಯುತ್ತಿದ್ದೇನೆ. ಅದರ ಯುಆರ್ಟ್ ಸೀರಿಯಲ್ ಪೋರ್ಟಿನ ಇಂಟರಪ್ಟ್‌ಗೆ (ಪ್ರೊಸೆಸರಿನ ಗಮನ ಸೆಳೆಯಲು ಸಾಧನ ಕಳಿಸುವ ಸಂಕೇತಕ್ಕೆ) ಚಿಪ್‌ನ ಕೈಪಿಡಿಯ ಕೋಷ್ಟಕ 57 ಎನ್ನುತ್ತದೆ, ಬೋರ್ಡಿನ ಯಂತ್ರಾಂಶವನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀ 121 ಎನ್ನುತ್ತದೆ. ಚಾಲನೆಯಲ್ಲಿರುವ ಕರ್ನಲ್ 153 ಎಂದು ತೋರಿಸುತ್ತದೆ, ಆ ಸಾಲಿನ ಆರಂಭದಲ್ಲಿ ಮತ್ತೊಂದು ಸಂಖ್ಯೆಯೂ ಇದೆ. ಯಾವುದು ಸರಿ? ಇದನ್ನೆಲ್ಲ ನಾವೇ ಏಕೆ ಬರೆದುಕೊಡಬೇಕು? ಕರ್ನಲ್ ತಾನಾಗಿ ಕಂಡುಕೊಳ್ಳಲಾರದೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ನಾಲ್ಕೂ ಸರಿ. ಎಣಿಕೆ ಎಲ್ಲಿಂದ ಆರಂಭವಾಗಿದೆ ಎಂಬುದಷ್ಟೇ ಬೇರೆ. ಅಡ್ಡರಸ್ತೆಯನ್ನು ಬಿಟ್ಟು ಮನೆ ಸಂಖ್ಯೆಯನ್ನು ಮಾತ್ರ ಬರೆದ ವಿಳಾಸ ಹೇಗೆ ಅಪೂರ್ಣವೋ, ಯಾವ ಕಂಟ್ರೋಲರಿಗೆ (ಸಾಧನಗಳ ಇಂಟರಪ್ಟ್‌ಗಳನ್ನು ಪಡೆದು ಪ್ರೊಸೆಸರಿಗೆ ತಲುಪಿಸುವ ಘಟಕಕ್ಕೆ) ಸೇರಿದ್ದೆಂದು ಹೇಳದ ಇಂಟರಪ್ಟ್ ಸಂಖ್ಯೆಯೂ ಹಾಗೆಯೇ ಅಪೂರ್ಣ.

ನಿಮ್ಮ ಬೋರ್ಡಿನ ಬಿಸಿಎಂ2711 ಚಿಪ್‌ನಲ್ಲಿರುವುದು ಆರ್ಮ್ ಸಂಸ್ಥೆಯ ಜಿಐಸಿ-400 ಎಂಬ ಇಂಟರಪ್ಟ್ ಕಂಟ್ರೋಲರ್. ಅದರಲ್ಲಿ 0ರಿಂದ 15ರವರೆಗಿನ ಸಂಖ್ಯೆಗಳು ಪ್ರೊಸೆಸರಿನ ಕೋರ್‌ಗಳು ಪರಸ್ಪರ ಕಳಿಸಿಕೊಳ್ಳುವ ಸೂಚನೆಗಳಿಗೆ, 16ರಿಂದ 31ರವರೆಗಿನವು ಟೈಮರ್‌ನಂತೆ ಪ್ರತಿ ಕೋರ್‌ಗೂ ಪ್ರತ್ಯೇಕವಾಗಿರುವ ಮೂಲಗಳಿಗೆ, 32ರಿಂದ ಮುಂದಿನವು ಎಲ್ಲ ಕೋರ್‌ಗಳಿಗೂ ಸಾಮಾನ್ಯವಾದ ಸಾಧನಗಳಿಗೆ ಮೀಸಲು. ಚಿಪ್‌ನ ಗ್ರಾಫಿಕ್ಸ್ ಘಟಕವಾದ ವಿಡಿಯೊಕೋರ್ ಭಾಗದ ಸಾಧನಗಳ ಗುಂಪು ಈ ಕಂಟ್ರೋಲರಿಗೆ 96ರಿಂದ ಜೋಡಣೆಯಾಗಿದೆ. ಆ ಗುಂಪಿನೊಳಗೆ ಯುಆರ್ಟ್‌ನ ಸ್ಥಾನ 57 ಆಗಿರುವುದರಿಂದ ಕಂಟ್ರೋಲರಿನ ದೃಷ್ಟಿಯಲ್ಲಿ ಅದು 153. ಡಿವೈಸ್ ಟ್ರೀ ಸಾಮಾನ್ಯ ಸಾಧನಗಳನ್ನು ಮತ್ತೆ 0ರಿಂದ ಎಣಿಸುತ್ತದೆ, ಆದ್ದರಿಂದ 32 ಕಳೆದು 121. ಸಾಲಿನ ಆರಂಭದಲ್ಲಿರುವುದು ಲಿನಕ್ಸ್ ತನ್ನ ಬಳಕೆಗೆ ತಾನೇ ಕೊಟ್ಟುಕೊಂಡ ಸಂಖ್ಯೆ. ಕರ್ನಲ್ ಬದಲಾದರೆ ಅದೂ ಬದಲಾಗಬಹುದಾದ್ದರಿಂದ ಡ್ರೈವರಿನಲ್ಲಿ (ಸಾಧನವನ್ನು ನಡೆಸುವ ತಂತ್ರಾಂಶದಲ್ಲಿ) ಅದನ್ನು ಎಂದಿಗೂ ನೇರವಾಗಿ ಬರೆಯಬಾರದು.

ಡಿವೈಸ್ ಟ್ರೀಯಲ್ಲಿ ಒಂದು ಇಂಟರಪ್ಟನ್ನು ಎಷ್ಟು ಅಂಕಿಗಳಲ್ಲಿ, ಅಂದರೆ ಎಷ್ಟು ಬಿಡಿ ಮೌಲ್ಯಗಳಲ್ಲಿ, ಹೇಳಬೇಕೆಂದು ನಿರ್ಧರಿಸುವುದು ಸಾಧನವಲ್ಲ, ಕಂಟ್ರೋಲರ್. ಅದನ್ನು ವಿವರಿಸುವ ಭಾಗವಾದ ನೋಡ್‌ನಲ್ಲಿರುವ ಇಂಟರಪ್ಟ್-ಸೆಲ್ಸ್ ಎಂಬ ಗುಣವೇ ಆ ನಿಯಮ. ಸೈಫೈವ್‌ನ ರಿಸ್ಕ್-ಫೈವ್ ಚಿಪ್‌ಗಳ ಪ್ಲಿಕ್ ಕಂಟ್ರೋಲರಿಗೆ ಒಂದೇ ಅಂಕಿ ಸಾಕು, ನಿಮ್ಮ ಜಿಐಸಿಗೆ ಮೂರು ಬೇಕು. ಮೊದಲನೆಯದು ವರ್ಗ: ಸಾಮಾನ್ಯ ಸಾಧನಕ್ಕೆ 0, ಕೋರ್‌ನ ಸ್ವಂತ ಮೂಲಕ್ಕೆ 1. ಎರಡನೆಯದು ಸಂಖ್ಯೆ.

ಹೆಚ್ಚಿನ ಎಚ್ಚರ ಬೇಕಾದದ್ದು ಮೂರನೆಯದರಲ್ಲಿ. ಸಂಕೇತ ಮೇಲೇರುವ ಕ್ಷಣವನ್ನು ಗಮನಿಸಬೇಕಾದರೆ 1, ಅದು ಮೇಲೆ ಇರುವಷ್ಟು ಹೊತ್ತೂ ಗಮನಿಸಬೇಕಾದರೆ 4. ಯುಆರ್ಟ್‌ಗೆ 4 ಸರಿ. ಅಲ್ಲಿ 1 ಎಂದು ಬರೆದರೆ ಬೋರ್ಡ್ ಆರಂಭವಾಗುತ್ತದೆ, ಅಕ್ಷರಗಳೂ ಬರುತ್ತವೆ. ಆದರೆ ಮೊದಲ ಸಂಕೇತ ಇಳಿಯುವ ಮುನ್ನವೇ ಎರಡನೆಯ ಘಟನೆ ನಡೆದರೆ ಹೊಸ ಏರಿಕೆ ಎಂಬುದೇ ಇರುವುದಿಲ್ಲ, ಪೋರ್ಟ್ ಅಲ್ಲಿಗೇ ಮೂಕವಾಗಿಬಿಡಬಹುದು. ಇಂಥ ದೋಷ ಯಾವಾಗಲೋ ಒಮ್ಮೆ ಮಾತ್ರ ಕಾಣಿಸಿಕೊಳ್ಳುವುದರಿಂದ ಹುಡುಕುವುದು ಬಹಳ ಕಷ್ಟ. ಆದ್ದರಿಂದ ಈ ಅಂಕಿಯನ್ನು ಬೇರೊಂದು ಬೋರ್ಡಿನ ಕಡತದಿಂದ ನಕಲು ಮಾಡದೆ ಕೈಪಿಡಿಯನ್ನು ನೋಡಿಯೇ ಬರೆಯಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಕರ್ನಲ್ ತಾನಾಗಿ ಕಂಡುಕೊಳ್ಳಲಾರದೇ ಎಂಬ ಪ್ರಶ್ನೆಗೆ: ಪಿಸಿಐ ಮತ್ತು ಯುಎಸ್‌ಬಿ ಸಾಧನಗಳು ಕೇಳಿದರೆ ತಮ್ಮ ಗುರುತನ್ನು ಹೇಳುತ್ತವೆ, ಆದರೆ ಚಿಪ್‌ನೊಳಗೆ ಯಾವ ತಂತಿ ಕಂಟ್ರೋಲರಿನ ಯಾವ ಕಾಲಿಗೆ ಸೇರಿದೆ ಎಂಬುದನ್ನು ಯಾವ ರಿಜಿಸ್ಟರ್ ಓದಿದರೂ ತಿಳಿಯಲಾಗದು. ಅದನ್ನು ಬಲ್ಲವರು ಬರೆದುಕೊಡಲೇಬೇಕು. ಸಾಮಾನ್ಯ ಪಿಸಿಗಳಲ್ಲೂ ಎಪಿಕ್ ಎಂಬ ಇಂಟರಪ್ಟ್ ಕಂಟ್ರೋಲರುಗಳ ವಿವರವನ್ನು ಫರ್ಮ್‌ವೇರ್ (ಯಂತ್ರದಲ್ಲೇ ಅಡಕವಾಗಿರುವ ತಂತ್ರಾಂಶ) ಎಸಿಪಿಐ ಎಂಬ ಮಾನಕದ ಕೋಷ್ಟಕಗಳಲ್ಲಿ ಒದಗಿಸುತ್ತದೆ. ಆರ್ಮ್ ಬೋರ್ಡುಗಳಿಗೆ ಹಿಂದೆ ಈ ವಿವರ ಕರ್ನಲ್‌ನೊಳಗೇ ಸಿ ಭಾಷೆಯ ಕಡತಗಳಲ್ಲಿ ಸೇರಿಕೊಂಡಿತ್ತು. ಬೋರ್ಡಿಗೊಂದು ಕಡತ ಬೆಳೆದು ನಿರ್ವಹಣೆ ದುಸ್ತರವಾದಾಗ, 2011ರ ಆಸುಪಾಸಿನಿಂದ ಡಿವೈಸ್ ಟ್ರೀಗೆ ವರ್ಗಾವಣೆ ವೇಗ ಪಡೆಯಿತು.

ನಿಮ್ಮ ಬರಹ ಸರಿಯಿದೆಯೇ ಎಂದು ಪರೀಕ್ಷಿಸಲು ಪ್ರಾಕ್‌ನ ಇಂಟರಪ್ಟ್ಸ್ ಕಡತವನ್ನು (/proc/interrupts) ತೆರೆದು, ಯುಆರ್ಟ್‌ನ ಸಾಲಿನಲ್ಲಿ ಕಂಟ್ರೋಲರಿನ ಹೆಸರಿನ ಪಕ್ಕದಲ್ಲಿ 153 ಇದೆಯೇ, ಅಕ್ಷರಗಳನ್ನು ಕಳಿಸಿದಂತೆ ಯಾವುದಾದರೂ ಕೋರ್‌ನ ಎಣಿಕೆ ಏರುತ್ತಿದೆಯೇ ನೋಡಿ. ಎಣಿಕೆ ಏರದಿದ್ದರೆ ಮೊದಲು 32ರ ವ್ಯತ್ಯಾಸವನ್ನು, ಆಮೇಲೆ ವರ್ಗದ ಅಂಕಿಯನ್ನು ಪರಿಶೀಲಿಸಿ.