ಮುಂಗಾರು ಗಾಳಿಯ ಗುರುತು ಕಡಲತಳದ ಹೂಳಿನಲ್ಲಿ

ಪ್ರಶ್ನೆ: ಮುಂಗಾರು ಗಾಳಿ ಶುರುವಾಗಿದ್ದು 1 ಕೋಟಿ 29 ಲಕ್ಷ ವರ್ಷಗಳ ಹಿಂದೆ, ಇದು ಮಾಲ್ಡೀವ್ಸ್ ಕಡಲತಳದ ಸೈಸ್ಮಿಕ್ ಮಾಹಿತಿಯಿಂದ ಗೊತ್ತಾಯಿತು ಎಂದು ಓದಿದೆ. ಸೈಸ್ಮಿಕ್ ಎಂದರೆ ಭೂಕಂಪದ್ದು ಅಲ್ವಾ? ಭೂಕಂಪಕ್ಕೂ ಗಾಳಿಗೂ ಎಲ್ಲಿಯ ಸಂಬಂಧ?
(ಓದುಗರು, ಕುಮಟಾ)

ಉತ್ತರ: ಇಲ್ಲಿ ಭೂಕಂಪಕ್ಕಾಗಿ ಯಾರೂ ಕಾಯುವುದಿಲ್ಲ. ಕಂಪನವನ್ನು ಹಡಗಿನವರೇ ಹುಟ್ಟಿಸುತ್ತಾರೆ. ಹಡಗಿನ ಹಿಂದೆ ಕಟ್ಟಿದ ಏರ್‌ಗನ್, ಒತ್ತಿ ತುಂಬಿದ ಗಾಳಿಯನ್ನು ಕೆಲವು ಸೆಕೆಂಡಿಗೊಮ್ಮೆ ನೀರಿಗೆ ಬಿಡುತ್ತದೆ. ಆ ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಇಳಿಯುತ್ತದೆ. ತಳಕ್ಕೆ ಬಡಿದಾಗ ಒಂದಿಷ್ಟು ವಾಪಸ್ ಬರುತ್ತದೆ. ಉಳಿದದ್ದು ಹೂಳಿನೊಳಗೆ ಹೋಗಿ, ಪದರದ ಗಟ್ಟಿತನ ಬದಲಾದಲ್ಲೆಲ್ಲ ಮತ್ತಷ್ಟು ಮರಳುತ್ತದೆ. ಹಡಗು ಎಳೆಯುವ ಉದ್ದನೆಯ ಕೇಬಲ್‌ನಲ್ಲಿರುವ ಹೈಡ್ರೋಫೋನ್‌ಗಳು, ಅಂದರೆ ನೀರೊಳಗಿನ ಮೈಕುಗಳು, ಇದನ್ನೆಲ್ಲ ಹಿಡಿಯುತ್ತವೆ. ತಳಕ್ಕೆ ಹೋಗಿ ಬರಲು ಸದ್ದಿಗೆ 2 ಸೆಕೆಂಡ್ ಹಿಡಿದರೆ ಅಲ್ಲಿ ನೀರಿನ ಆಳ 1500 ಮೀಟರ್. ಹಡಗಿನ ದಾರಿಯುದ್ದಕ್ಕೂ ಹೀಗೆ ಲೆಕ್ಕ ಹಾಕಿ ಜೋಡಿಸಿದರೆ ತಳದ ಅಡ್ಡಸೀಳು ಚಿತ್ರ ಸಿಗುತ್ತದೆ. (ಈ ಸದ್ದಿನಿಂದ ತಿಮಿಂಗಿಲಗಳಿಗೆ ತೊಂದರೆ ಆಗುತ್ತದೆ ಎಂಬ ಆತಂಕ ಸುಮ್ನೆ ಎದ್ದದ್ದಲ್ಲ. ಹಾಗಾಗಿ ಹಲವು ದೇಶಗಳಲ್ಲಿ ಹತ್ತಿರ ತಿಮಿಂಗಿಲ ಕಂಡರೆ ಏರ್‌ಗನ್ ನಿಲ್ಲಿಸಬೇಕೆಂಬ ನಿಯಮವಿದೆ.)

ಇನ್ನು ಗಾಳಿಯ ವಿಷಯ. ಗಾಳಿ ನೀರನ್ನು ತಳ್ಳುತ್ತದೆ, ನೀರು ಹೂಳನ್ನು ತಳ್ಳುತ್ತದೆ. ನಿಂತ ನೀರಿನಲ್ಲಿ ಹೂಳು ತಳದ ಮೇಲೆ ಹೆಚ್ಚುಕಡಿಮೆ ಒಂದೇ ದಪ್ಪಕ್ಕೆ ಕೂರುತ್ತದೆ. ಹರಿಯುವ ನೀರಿನಲ್ಲಿ ಹಾಗಲ್ಲ. ಹೊಳೆಯ ಬಂಡೆಯ ಸುತ್ತ ನೋಡಿ: ಒಂದು ಕಡೆ ಮರಳು ಕೊರೆದು ಗುಂಡಿ, ಪಕ್ಕದಲ್ಲೇ ಮರಳಿನ ದಿಬ್ಬ. ಕಡಲತಳದಲ್ಲೂ ಇದೇ ನಡೆಯುತ್ತದೆ, ಅಳತೆ ಮಾತ್ರ ಕಿಲೋಮೀಟರ್‌ಗಳಲ್ಲಿ. ಪ್ರವಾಹ, ಅಂದರೆ ಕಡಲೊಳಗಿನ ನೀರಿನ ಹರಿವು, ಕಟ್ಟಿದ ಇಂಥ ದಿಬ್ಬಗಳಿಗೆ ಡ್ರಿಫ್ಟ್ ಎನ್ನುತ್ತಾರೆ.

ಮಾಲ್ಡೀವ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಹವಳದ ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ ಎರಡು ಸಾಲಾಗಿ ನಿಂತಿವೆ, ನಡುವೆ ಸುಮಾರು 500 ಮೀಟರ್ ಆಳದ ಒಳಗಡಲು. ಮಾನ್ಸೂನ್ ಪ್ರವಾಹ ಮುಂಗಾರಿನ ತಿಂಗಳುಗಳಲ್ಲಿ ಪೂರ್ವಕ್ಕೆ, ಚಳಿಗಾಲದಲ್ಲಿ ಪಶ್ಚಿಮಕ್ಕೆ ಹರಿಯುತ್ತದೆ. ಎರಡು ಸಲವೂ ಈ ಸಾಲುಗಳಿಗೆ ಅಡ್ಡವಾಗಿ, ದ್ವೀಪಗಳ ನಡುವಿನ ಸಂದುಗಳಲ್ಲಿ ನುಗ್ಗಿ ಹೋಗಬೇಕು.

ಇಲ್ಲಿನ ಸೈಸ್ಮಿಕ್ ಚಿತ್ರದಲ್ಲಿ ಕೆಳಗಿನ, ಅಂದರೆ ಹಳೆಯ ಪದರಗಳು ಒಂದು ಬಗೆ. ಕಡಲಮಟ್ಟ ಏರಿದಾಗ, ಇಳಿದಾಗ ಹವಳದ ದಿಣ್ಣೆಗಳು ಬೆಳೆದ ಲೆಕ್ಕಕ್ಕೆ ಅವು ಹೊಂದುತ್ತವೆ. ಮೇಲೆ ಬಂದರೆ ಚಿತ್ರವೇ ಬೇರೆ: ದಿಣ್ಣೆಯ ಬುಡದಲ್ಲಿ ಕೊರೆದ ಕಾಲುವೆ, ಅದರ ಪಕ್ಕ ಉಬ್ಬಿದ ಡ್ರಿಫ್ಟ್, ಕಾಲುವೆಯ ಕಡೆಗೆ ತೆಳುವಾಗುತ್ತ ಹೋಗುವ ಪದರಗಳು. ಈ ಬದಲಾವಣೆ ನಿಧಾನಕ್ಕೆ ಆದದ್ದಲ್ಲ. ಚಿತ್ರದಲ್ಲಿ ಒಂದು ಗೆರೆ ಎಳೆದು ‘ಇಲ್ಲಿಂದ ಮೇಲೆ ಪ್ರವಾಹದ ಕಾಲ’ ಎನ್ನಬಹುದು.

ಆದರೆ ಒಂದು ಮಾತು. ನೀವು ಓದಿದ ಆ 1 ಕೋಟಿ 29 ಲಕ್ಷ ಎಂಬ ಸಂಖ್ಯೆ ಸೈಸ್ಮಿಕ್‌ನಿಂದ ಬಂದದ್ದಲ್ಲ. ಸದ್ದು ಆಕಾರ ತೋರಿಸುತ್ತದೆ, ವಯಸ್ಸು ಹೇಳುವುದಿಲ್ಲ. ವಯಸ್ಸಿಗೆ ಆ ಗೆರೆಯ ತನಕ ಕೊರೆದು ಹೂಳನ್ನೇ ಮೇಲೆ ತರಬೇಕು. 2015ರಲ್ಲಿ ‘ಜಾಯ್ಡಿಸ್ ರೆಸಲ್ಯೂಶನ್’ ಹಡಗು ಐಒಡಿಪಿಯ (ಕಡಲತಳ ಕೊರೆದು ನೋಡುವ ಅಂತರರಾಷ್ಟ್ರೀಯ ಯೋಜನೆ) 359ನೇ ಯಾನದಲ್ಲಿ ಅಲ್ಲಿ ಎಂಟು ಕಡೆ ಕೊರೆಯಿತು. ಹೂಳಿನಲ್ಲಿದ್ದ ಸೂಕ್ಷ್ಮಜೀವಿಗಳ ಚಿಪ್ಪುಗಳಿಂದ ವಯಸ್ಸು ಸಿಕ್ಕಿತು. ಭೂವಿಜ್ಞಾನಿ ಕ್ರಿಶ್ಚಿಯನ್ ಬೆಟ್ಜ್‌ಲರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ್ದು ಇದನ್ನೇ. ಎಲ್ಲಿ ಕೊರೆಯಬೇಕೆಂದು ತೋರಿಸಿದ್ದು ಸೈಸ್ಮಿಕ್, ಯಾವಾಗ ಎಂದು ಹೇಳಿದ್ದು ಚಿಪ್ಪು.

ಸುದ್ದಿಗಳಲ್ಲಿ ಇದು ‘ಮುಂಗಾರು ಮಳೆ ಹುಟ್ಟಿದ ದಿನ’ ಆಗಿಬಿಡುತ್ತದೆ. ಅದು ಜಾಸ್ತಿಯಾಯಿತು. ಹೂಳು ಹೇಳುತ್ತಿರುವುದು ಗಾಳಿ ತಳ್ಳಿದ ಪ್ರವಾಹದ ಬಗ್ಗೆ. ಮಳೆಯ ಮಾನ್ಸೂನ್ ಇನ್ನೂ ಎಷ್ಟೋ ಹಳೆಯದು ಎನ್ನುವ ಪುರಾವೆ ಮ್ಯಾನ್ಮಾರ್‌ನ ಪಳೆಯುಳಿಕೆಗಳಲ್ಲಿ ಸಿಕ್ಕಿದೆ.

ಪ್ರಶ್ನೆ: ಹಳೆಯ ಪ್ರವಾಹದ ಗುರುತು ಸರಿ. ಈಗ ಹರಿಯುತ್ತಿರುವ ನೀರನ್ನೂ ಸೈಸ್ಮಿಕ್‌ನಲ್ಲಿ ನೋಡಬಹುದೇ?
(ಓದುಗರು, ಮೈಸೂರು)

ಉತ್ತರ: ನೋಡಬಹುದು. ಬಿಸಿ ನೀರಿನ ಪದರ ಮತ್ತು ತಣ್ಣನೆಯ ಪದರ ಸೇರುವಲ್ಲೂ ಸದ್ದು ಚೂರು ಮರಳುತ್ತದೆ. ಕಡಲತಳದಿಂದ ಬರುವ ಸದ್ದಿನ ಮುಂದೆ ಅದು ತೀರಾ ಕ್ಷೀಣ. ತೈಲ ಹುಡುಕುವವರಿಗೆ ನೀರಿನ ಭಾಗ ಬೇಕಿರಲಿಲ್ಲ, ಅಳಿಸಿಬಿಡುತ್ತಿದ್ದರು. 2003ರಲ್ಲಿ ಭೂಭೌತ ವಿಜ್ಞಾನಿ ಸ್ಟೀವನ್ ಹೋಲ್‌ಬ್ರೂಕ್ ಮತ್ತು ಸಂಗಡಿಗರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ದಾಖಲೆಯಲ್ಲಿ ಆ ಭಾಗವನ್ನೇ ಬಿಡಿಸಿ ನೋಡಿದರು. ಬಿಸಿ ಮತ್ತು ತಣ್ಣನೆಯ ಪ್ರವಾಹಗಳು ಎದುರಾಗುವ ಜಾಗ ಪದರ ಪದರವಾಗಿ ಕಾಣಿಸಿತು. ಅಂದರೆ ಒಂದೇ ಚಿತ್ರದಲ್ಲಿ ಮೇಲೆ ಹರಿಯುವ ನೀರು, ಕೆಳಗೆ ಅದು ರೂಪಿಸುತ್ತಿರುವ ತಳ. ಹಡಗು ದಾಟಿ ಹೋದ ಹೊತ್ತಿನ ಚಿತ್ರ ಮಾತ್ರ ಅದು, ಮರುದಿನ ನೀರು ಬೇರೆಯೇ ಇರುತ್ತದೆ.

ಪ್ರಶ್ನೆ: ನಮ್ಮ ಕರಾವಳಿ ಕಡೆಯ ಕಡಲಲ್ಲಿ ಹೀಗೆ ಏನಾದರೂ ಕಂಡಿದೆಯೇ?
(ಓದುಗರು, ಕಾರವಾರ)

ಉತ್ತರ: ದಡದ ಹತ್ತಿರ ಒಂದು ತೊಡಕಿದೆ. ಪಶ್ಚಿಮ ಕರಾವಳಿಯಲ್ಲಿ ಸುಮಾರು 50–60 ಮೀಟರ್ ಆಳದವರೆಗೆ ತಳದಲ್ಲಿ ನದಿಗಳು ತಂದ ಜೇಡಿ ಕೆಸರು. ಅದರಲ್ಲಿ ಕೊಳೆತ ಸಸ್ಯ, ಜೀವಿಗಳಿಂದ ಮೀಥೇನ್ ಹುಟ್ಟುತ್ತದೆ. ಗುಳ್ಳೆ ಸೇರಿಕೊಂಡ ಕೆಸರಿನಲ್ಲಿ ಸದ್ದು ಚದುರಿ ಅಡಗಿಹೋಗುತ್ತದೆ, ಕೆಳಗಿನ ಪದರಗಳು ಚಿತ್ರದಲ್ಲಿ ಮಸುಕಾಗುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಇಂಥ ಅನಿಲ ತುಂಬಿದ ಜಾಗಗಳನ್ನು ಗುರುತಿಸಿದ್ದಾರೆ. ಅಲ್ಲಿ ಪೈಪ್‌ಲೈನ್ ಹಾಕುವವರಿಗೆ ಈ ಮಸುಕೇ ಎಚ್ಚರಿಕೆ.

ದೂರದ ಆಳ ಕಡಲಿನಲ್ಲಿ ಮಾತ್ರ ದೊಡ್ಡದೇ ಸಿಕ್ಕಿದೆ. ಅರಬ್ಬೀ ಸಮುದ್ರದ ತಳದಲ್ಲಿರುವ ಲಕ್ಷ್ಮಿ ಬೇಸಿನ್ ಎಂಬ ತಗ್ಗಿನ ಸೈಸ್ಮಿಕ್ ಚಿತ್ರದಲ್ಲಿ ಅಚ್ಚುಕಟ್ಟಾದ ಪದರಗಳ ನಡುವೆ ನೂರಾರು ಮೀಟರ್ ದಪ್ಪದ, ಪದರವೇ ಇಲ್ಲದ ಕಲಸುಮೇಲೋಗರದ ಭಾಗವಿದೆ. ಅದೊಂದು ಕಡಲೊಳಗಿನ ಭೂಕುಸಿತ. ನಟರಾಜ ಎಂದು ಹೆಸರಿಟ್ಟಿದ್ದಾರೆ. ಅದರ ಗಾತ್ರ ಸುಮಾರು 19,000 ಘನ ಕಿಲೋಮೀಟರ್ ಎಂಬುದು ಸೈಸ್ಮಿಕ್‌ನ ಲೆಕ್ಕ. 2015ರ ಐಒಡಿಪಿಯ 355ನೇ ಯಾನದಲ್ಲಿ ಅದನ್ನೂ ಕೊರೆದು ನೋಡಿದರು. ಸುಣ್ಣಕಲ್ಲಿನ ತುಂಡುಗಳು ಸಿಕ್ಕವು. ಆ ಕಡಲಿಗೆ ಸಿಂಧೂ ನದಿ ತಂದು ತುಂಬುವ ಹೂಳು ಹಾಗಿರುವುದಿಲ್ಲ. ಹಾಗಾಗಿ ಕುಸಿದದ್ದು ಭಾರತದ ಪಶ್ಚಿಮ ಅಂಚೇ ಎಂದು ಗೊತ್ತಾಯಿತು. ಕಾಲ ಸುಮಾರು 1 ಕೋಟಿ 8 ಲಕ್ಷ ವರ್ಷಗಳ ಹಿಂದೆ.